ಲಾಗಿನ್ ಕೇಳದ್ದೇ ಉಳಿಯಿತು: ಫೆಟ್, ಜಿಯೋಜೀಬ್ರಾ ಜೊತೆ ಆರು ವರ್ಷ

ನಾನು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಸಿಎಂ ಶಿಕ್ಷಕಿ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಮೂರೂ ನನ್ನ ತಲೆಗೇ. 2019ರಿಂದ ಕ್ಲಾಸಿನಲ್ಲಿ ದುಡ್ಡು ಕೊಡದೆ ಸಿಗುವ ಆನ್‌ಲೈನ್ ಸಾಧನಗಳನ್ನು ಒಂದಾದ ಮೇಲೊಂದು ಬಳಸಿ ನೋಡಿದ್ದೇನೆ. ಹತ್ತು ಹನ್ನೆರಡು ಆಗಿರಬಹುದು. ಇವತ್ತಿಗೂ ವಾರಕ್ಕೆರಡು ಸಲ ತೆರೆಯುವುದು ಎರಡನ್ನು ಮಾತ್ರ: ಫೆಟ್ ಸಿಮ್ಯುಲೇಶನ್‌ಗಳು (ಪರದೆಯ ಮೇಲೆಯೇ ಪ್ರಯೋಗ ಮಾಡಿ ನೋಡುವಂಥವು) ಮತ್ತು ಜಿಯೋಜೀಬ್ರಾ (ರೇಖಾಗಣಿತದ ಚಿತ್ರ ಬರೆದು ಎಳೆದಾಡುವ ತಂತ್ರಾಂಶ). ಮಿಕ್ಕವು ಯಾಕೆ ಬಿದ್ದುಹೋದವು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಹೊಸಬರು ಎಡವುವುದೇ ಅಲ್ಲಿ.

ನಮ್ಮಲ್ಲಿರುವುದು ಒಂದು ಪ್ರೊಜೆಕ್ಟರ್, ನನ್ನ ಲ್ಯಾಪ್‌ಟಾಪ್, ಮೂವತ್ತೆಂಟು ಮಕ್ಕಳು. ನೆಟ್ ಅಂದರೆ ನನ್ನ ಮೊಬೈಲಿನ ಹಾಟ್‌ಸ್ಪಾಟ್. ಒಂದು ಕ್ವಿಜ್ ತಾಣ (ಹೆಸರು ಬೇಡ) ಮೊದಲ ವರ್ಷ ತುಂಬಾ ಚೆನ್ನಾಗಿತ್ತು. ಆಮೇಲೆ ಪ್ರತಿ ಮಗುವಿಗೂ ಇಮೇಲ್ ಬೇಕು ಅಂತು. ಶನಿವಾರ ಇಡೀ ಬೆಳಗ್ಗೆ ಕೂತು ಮೂವತ್ತೆಂಟು ಇಮೇಲ್ ಮಾಡಿಸಿದೆ. ಸೋಮವಾರ ಬಂದಾಗ ಪಾಸ್‌ವರ್ಡ್ ನೆನಪಿದ್ದದ್ದು ಒಂಬತ್ತು ಮಕ್ಕಳಿಗೆ. ಪಾಸ್‌ವರ್ಡ್ ಬದಲಿಸಲು ಹೋದರೆ ಒಟಿಪಿ ಬರುವುದು ಅಪ್ಪನ ಮೊಬೈಲಿಗೆ, ಅಪ್ಪ ಇರುವುದು ತೋಟದಲ್ಲಿ. ಅದೇ ವರ್ಷ ಉಚಿತ ಖಾತೆಯ ಮಿತಿಯೂ ಇಳಿದು, ಅರ್ಧ ಕ್ಲಾಸು ಆಡುವುದು ಅರ್ಧ ಕ್ಲಾಸು ನೋಡುವುದು ಅನ್ನುವಂತಾಯಿತು. ಅಲ್ಲಿಗೆ ಕೈಬಿಟ್ಟೆ. ಈಗ ಸ್ಲೇಟಿನ ಮೇಲೆ ಎ, ಬಿ, ಸಿ, ಡಿ ಬರೆದು ಎತ್ತಿ ಹಿಡಿಯಿರಿ ಅನ್ನುತ್ತೇನೆ. ಎರಡು ಸೆಕೆಂಡಿನಲ್ಲಿ ಇಡೀ ಕ್ಲಾಸಿನ ಉತ್ತರ ಕಣ್ಣ ಮುಂದೆ ಇರುತ್ತದೆ.

ಫೆಟ್ ಈ ಪರೀಕ್ಷೆಯಲ್ಲಿ ಪಾಸಾಯಿತು, ಯಾಕೆಂದರೆ ಅದು ಮಕ್ಕಳಿಂದ ಏನನ್ನೂ ಕೇಳುವುದಿಲ್ಲ. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಮರುವರ್ಷವೇ ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದಲ್ಲಿ ಶುರುಮಾಡಿದ ಯೋಜನೆ ಇದು. ಈಗ ನೂರೈವತ್ತಕ್ಕೂ ಹೆಚ್ಚು ಸಿಮ್ಯುಲೇಶನ್‌ಗಳಿವೆ. ನನಗೆ ಮುಖ್ಯವಾದದ್ದು ಬೇರೆ: ಈಗಿನ ಎಚ್‌ಟಿಎಂಎಲ್ ಸಿಮ್ಯುಲೇಶನ್‌ಗಳಲ್ಲಿ ಪ್ರತಿಯೊಂದೂ ಒಂದೇ ಕಡತ, ಕೆಲವೇ ಎಂಬಿ. ಮನೆಯಲ್ಲಿ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿದರೆ ಶಾಲೆಯಲ್ಲಿ ನೆಟ್ ಇಲ್ಲದೆಯೂ ಬ್ರೌಸರಿನಲ್ಲಿ ತೆರೆಯುತ್ತದೆ. ಕನ್ನಡಕ್ಕೆ ಬಂದವೂ ಇವೆ, ಎಲ್ಲವೂ ಬಂದಿಲ್ಲ. ಆಯಾ ಸಿಮ್ಯುಲೇಶನ್ ಪುಟದಲ್ಲಿ ಅನುವಾದಗಳ ಪಟ್ಟಿ ಇರುತ್ತದೆ, ನೋಡಿಕೊಂಡು ಇಳಿಸಿಕೊಳ್ಳಿ. ಅನುವಾದದ ಪದ ನಮ್ಮ ಪಠ್ಯಪುಸ್ತಕದ ಪದವೇ ಆಗಿರಬೇಕೆಂದಿಲ್ಲ. ಹಾಗಾಗಿ ಪಾಠಕ್ಕೆ ಮುಂಚೆ ಬೋರ್ಡಿನ ಒಂದು ಮೂಲೆಯಲ್ಲಿ ವಿಭವಾಂತರ, ರೋಧ, ವಿದ್ಯುತ್ ಪ್ರವಾಹ ಅಂತ ಪುಸ್ತಕದ ಪದಗಳನ್ನು ಬರೆದಿಡುತ್ತೇನೆ.

ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠಕ್ಕೆ ಅದರಲ್ಲಿರುವ ಸರ್ಕಿಟ್ ಕಟ್ಟುವ ಸಿಮ್ಯುಲೇಶನ್ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ಬ್ಯಾಟರಿ, ವೈರು, ಬಲ್ಬು, ಸ್ವಿಚ್ಚು ಎಳೆದು ತಂದು ಜೋಡಿಸುವುದು. ಪೆನ್ಸಿಲ್, ನಾಣ್ಯ, ರಬ್ಬರ್ ಎಲ್ಲ ಇವೆ, ಒಂದು ನಾಯಿಯೂ ಇದೆ. ನಾಯಿಯನ್ನು ಮೊದಲ ದಿನವೇ ಜೋಡಿಸಿ ನಗಿಸಿಬಿಡಿ, ಇಲ್ಲದಿದ್ದರೆ ಪಾಠದುದ್ದಕ್ಕೂ ಅದನ್ನೇ ಕೇಳುತ್ತಿರುತ್ತಾರೆ. ಬ್ಯಾಟರಿಯ ಎರಡು ತುದಿಗೆ ನೇರ ವೈರು ಹಾಕಿದರೆ ಬೆಂಕಿ ಹತ್ತುತ್ತದೆ. ಶಾರ್ಟ್ ಸರ್ಕಿಟ್ ಅನ್ನುವುದನ್ನು ಇಷ್ಟು ಸುರಕ್ಷಿತವಾಗಿ ತೋರಿಸುವ ಬೇರೆ ದಾರಿ ನನಗೆ ಗೊತ್ತಿಲ್ಲ.

ಎರಡು ಬಲ್ಬನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿ, ಸ್ವಿಚ್ ಹಾಕುವ ಮುಂಚೆ ಕೇಳಿದೆ: ಯಾವುದು ಜಾಸ್ತಿ ಬೆಳಗುತ್ತೆ? ಉತ್ತರ ನೋಟ್‌ಬುಕ್ಕಿನಲ್ಲಿ ಬರೆಯಬೇಕು, ಅಳಿಸುವಂತಿಲ್ಲ. ಮುಕ್ಕಾಲು ಪಾಲು ಮಕ್ಕಳು ಬ್ಯಾಟರಿ ಹತ್ತಿರದ್ದು ಅಂತ ಬರೆದಿದ್ದರು. ಹಿಂದಿನ ಬೆಂಚಿನ ಹುಡುಗ ಕಾರಣವನ್ನೂ ಕೊಟ್ಟ: "ಮಿಸ್, ನಾಲೆ ನೀರು ಮೊದಲನೇ ಹೊಲದೋರು ತಿರುಗಿಸ್ಕೊಂಡ್ರೆ ಕೊನೇ ಹೊಲಕ್ಕೆ ಎಲ್ ಬರುತ್ತೆ?" ಹೇಮಾವತಿ ನಾಲೆಯ ಕೊನೆಯಲ್ಲಿರುವ ಊರಿನ ಹುಡುಗ ಅವನು, ಕಂಡದ್ದನ್ನೇ ಹೇಳಿದ್ದ. ಸ್ವಿಚ್ ಹಾಕಿದೆ. ಎರಡೂ ಒಂದೇ ಸಮ ಬೆಳಗಿದವು. ವಿದ್ಯುತ್ ಪ್ರವಾಹ ಅಳೆಯುವ ಅಮ್ಮೀಟರನ್ನು ಮೊದಲ ಬಲ್ಬಿನ ಮುಂದೆ, ನಡುವೆ, ಎರಡನೆಯದರ ಆಚೆ ಇಟ್ಟು ನೋಡಿದೆವು. 9 ವೋಲ್ಟ್ ಬ್ಯಾಟರಿ, ತಲಾ 10 ಓಮ್‌ನ ಎರಡು ಬಲ್ಬು. ಎಲ್ಲೇ ಇಟ್ಟರೂ 0.45 ಆಂಪಿಯರ್. "ಹಂಗಾದ್ರೆ ಇದು ನಾಲೆ ಅಲ್ಲ" ಅಂದ.

ಅಲ್ಲಿಗೇ ನಿಲ್ಲಿಸಿದ್ದರೆ ಸಿಮ್ಯುಲೇಶನ್‌ಗೆ ಪೂರ್ತಿ ಅಂಕ ಕೊಡುತ್ತಿದ್ದೆ. ಮರುದಿನ ಟಾರ್ಚ್ ಬಲ್ಬು, ಸೆಲ್ಲು, ವೈರು ತಂದು ಅದನ್ನೇ ಮೇಜಿನ ಮೇಲೆ ಕಟ್ಟಿದೆವು. ಒಂದು ಬಲ್ಬು ಜೋರಾಗಿ ಹೊತ್ತಿತು, ಇನ್ನೊಂದು ಮಿಣಮಿಣ. ಜೋರಾಗಿ ಹೊತ್ತಿದ್ದು ಸೆಲ್ಲಿನ ಹತ್ತಿರದ್ದೇ! "ನೋಡಿ ಮಿಸ್, ನಾನು ಹೇಳ್ಲಿಲ್ವಾ" ಅಂತ ಹುಡುಗ ಎದ್ದು ನಿಂತ. ಒಂದು ಗಳಿಗೆ ನನಗೂ ಬಾಯಿ ಕಟ್ಟಿತು. ಆಮೇಲೆ ಬಲ್ಬುಗಳ ಜಾಗ ಅದಲುಬದಲು ಮಾಡು ಅಂದೆ. ಮಾಡಿದ. ಈಗ ಮಿಣಮಿಣ ಅನ್ನುವುದು ಸೆಲ್ಲಿನ ಹತ್ತಿರ ಬಂತು, ಜೋರಿನದು ದೂರ ಹೋಯಿತು. ಅಂದರೆ ವ್ಯತ್ಯಾಸ ಇದ್ದದ್ದು ಜಾಗದಲ್ಲಿ ಅಲ್ಲ, ಬಲ್ಬಿನಲ್ಲಿ. ಅಂಗಡಿಯವನು ಎರಡು ಬೇರೆ ಬೇರೆ ಬಲ್ಬು ಕೊಟ್ಟಿದ್ದ. ಪರದೆಯಲ್ಲಿ ಮಾತ್ರ ತೋರಿಸಿ ಮುಗಿಸಿದ್ದರೆ, ಆ ಹುಡುಗ ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಬರೆದು ಮನಸ್ಸಿನಲ್ಲಿ ನಾಲೆಯನ್ನೇ ಇಟ್ಟುಕೊಂಡಿರುತ್ತಿದ್ದ ಅನ್ನುವುದು ನನ್ನ ಗುಮಾನಿ.

ಪರದೆಯ ಮೇಲೆ ಲೂಸ್ ಕಾಂಟ್ಯಾಕ್ಟ್ ಇಲ್ಲ, ಸೆಲ್ಲು ಇಳಿಯುವುದಿಲ್ಲ. ಹಳೇ ಸೆಲ್ಲು ಹಾಕಿದಾಗ ಬಲ್ಬು ಯಾಕೆ ಮಂಕಾಗುತ್ತದೆ ಅಂತ ಯಾರಾದರೂ ಕೇಳಿದರೆ ಮಾತ್ರ, ಆ ಸಿಮ್ಯುಲೇಶನ್ನಿನ ಲ್ಯಾಬ್ ಭಾಗದಲ್ಲಿ ಬ್ಯಾಟರಿಯ ಒಳರೋಧ ಹೆಚ್ಚಿಸುವ ಆಯ್ಕೆ ತೆಗೆದು ತೋರಿಸುತ್ತೇನೆ. ಪಠ್ಯದಲ್ಲಿ ಇಲ್ಲದ ವಿಷಯ, ಆದರೂ ಕೇಳಿದವರಿಗೆ ಸಿಗಲಿ.

ಜಿಯೋಜೀಬ್ರಾ ವಿಷಯಕ್ಕೆ ಬಂದರೆ, ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ಓದುತ್ತಿದ್ದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಶುರುಮಾಡಿದ ತಂತ್ರಾಂಶ ಇದು. 2021ರ ಕೊನೆಯಲ್ಲಿ ಇದನ್ನು ಬೈಜೂಸ್ ಕೊಂಡಿತು ಅನ್ನುವ ಸುದ್ದಿ ಬಂದಾಗ ನಮ್ಮ ಶಿಕ್ಷಕರ ವಾಟ್ಸ್ಯಾಪ್ ಗುಂಪಿನಲ್ಲಿ ಇನ್ನು ದುಡ್ಡು ಕೇಳುತ್ತಾರೆ ಅಂತ ಗಾಬರಿಯೋ ಗಾಬರಿ. ನನಗಂತೂ ಇದುವರೆಗೆ ಒಂದು ರೂಪಾಯಿ ಖರ್ಚಾಗಿಲ್ಲ. ಲ್ಯಾಪ್‌ಟಾಪಿಗೆ ಒಂದು ಸಲ ಹಾಕಿಕೊಂಡರೆ ಇದಕ್ಕೂ ನೆಟ್ ಬೇಡ.

ಥೇಲ್ಸ್ ಪ್ರಮೇಯಕ್ಕೆ ಇದು ಹೇಳಿ ಮಾಡಿಸಿದಂತಿದೆ. ತ್ರಿಭುಜ ಬರೆದು, ಒಂದು ಬಾಹುವಿಗೆ ಸಮಾಂತರ ರೇಖೆ ಎಳೆದು, ಶೃಂಗವನ್ನು ಹಿಡಿದು ಎಳೆದಾಡಿದರೆ ಆಕಾರ ಬದಲಾಗುತ್ತದೆ, ಆದರೆ ಆ ರೇಖೆ ಮಿಕ್ಕೆರಡು ಬಾಹುಗಳನ್ನು ಭಾಗಿಸುವ ಅನುಪಾತ ಎರಡರಲ್ಲೂ ಒಂದೇ ಇರುತ್ತದೆ. ಆದರೆ ಒಂದು ಸಲ ಮಕ್ಕಳಿಗೇ ಲೆಕ್ಕ ಮಾಡಲು ಬಿಟ್ಟೆ. ಪರದೆಯಲ್ಲಿ ಒಂದು ಕಡೆ 1.13, 0.57, ಇನ್ನೊಂದು ಕಡೆ 1.46, 0.73. ಭಾಗಿಸಿದರೆ ಒಂದು 1.98, ಇನ್ನೊಂದು ಸರಿಯಾಗಿ 2. "ಪ್ರಮೇಯ ತಪ್ಪು ಮಿಸ್" ಅಂತ ಕ್ಲಾಸೆಲ್ಲ ಗಲಾಟೆ. ಮಾಮೂಲಿಯಾಗಿ ಅದು ತೋರಿಸುವುದು ಎರಡೇ ದಶಮಾಂಶ ಸ್ಥಾನ. ಸೆಟ್ಟಿಂಗಿಗೆ ಹೋಗಿ ಐದು ಸ್ಥಾನಕ್ಕೆ ಏರಿಸಿದ ಮೇಲೆ ಎರಡೂ 1.989ರ ಹತ್ತಿರ ಬಂದು ಕೂತವು. ಅವತ್ತು ಪ್ರಮೇಯಕ್ಕಿಂತ ಅಂದಾಜು ಮೌಲ್ಯದ ಪಾಠವೇ ಜಾಸ್ತಿ ಆಯಿತು. ಪೋರ್ಷನ್ ಒಂದು ದಿನ ಹಿಂದೆ ಬಿತ್ತು, ಬೇಜಾರಿಲ್ಲ. ಒಂದು ಎಚ್ಚರಿಕೆ: ರಚನೆಗಳನ್ನು ಇದರಲ್ಲಿ ತೋರಿಸಿ ಕೈಕಟ್ಟಿ ಕೂರಬೇಡಿ. ಪರೀಕ್ಷೆಯಲ್ಲಿ ಕೈವಾರ ಹಿಡಿಯಬೇಕಾದದ್ದು ಮಗುವೇ.

ಹಳೆಯ ಕಡತಗಳ ಬಗ್ಗೆ ಒಂದು ಮಾತು. ಮೊದಲು ಇಳಿಸಿಟ್ಟಿದ್ದ ಸಿಮ್ಯುಲೇಶನ್‌ಗಳಲ್ಲಿ ಕೆಲವು ಫ್ಲ್ಯಾಶ್ ಅನ್ನುವ ಹಳೆಯ ತಂತ್ರಾಂಶ ಇದ್ದರೆ ಮಾತ್ರ ಓಡುವಂಥವು. 2020ರ ಡಿಸೆಂಬರ್ 31ಕ್ಕೆ ಅಡೋಬ್ ಕಂಪನಿ ಫ್ಲ್ಯಾಶ್ ಅನ್ನು ನಿಲ್ಲಿಸಿತು. ಕೊರೋನಾ ಮುಗಿಸಿ ಶಾಲೆಗೆ ಬಂದು ನೋಡಿದರೆ ಅವು ಯಾವುವೂ ಬ್ರೌಸರಿನಲ್ಲಿ ತೆರೆಯಲಿಲ್ಲ. ಅಂದಿನಿಂದ ಪ್ರತಿ ವರ್ಷ ಮೇ ತಿಂಗಳ ರಜೆಯಲ್ಲಿ ಎಲ್ಲವನ್ನೂ ಒಮ್ಮೆ ತೆರೆದು ನೋಡಿ, ಹೊಸದಿದ್ದರೆ ಇಳಿಸಿಕೊಳ್ಳುತ್ತೇನೆ. ಫೋಲ್ಡರಿಗೆ ಸಿಮ್ಯುಲೇಶನ್ನಿನ ಹೆಸರು ಇಡುವುದಿಲ್ಲ, ಪಾಠದ ಹೆಸರು ಇಡುತ್ತೇನೆ. ಅವಸರದಲ್ಲಿ ಹುಡುಕುವಾಗ ನೆನಪಾಗುವುದು ಅದೇ.

ಕ್ಲಾಸಿಗೆ ಹೋಗುವಾಗ ಪರದೆಯಲ್ಲಿ ತೋರಿಸುವುದನ್ನೇ ಬೋರ್ಡಿನಲ್ಲಿ ಬಿಡಿಸುವ ತಯಾರಿಯೂ ಇರಲಿ. ಯುಪಿಎಸ್ ಇದ್ದರೂ ಕರೆಂಟು ಹೋದ ಹತ್ತು ನಿಮಿಷಕ್ಕೆ ಪ್ರೊಜೆಕ್ಟರ್ ಕಣ್ಣು ಮುಚ್ಚುತ್ತದೆ.

ಕಳೆದ ತಿಂಗಳು ಪಕ್ಕದ ಶಾಲೆಯ ಗೆಳತಿ ನನ್ನ ಪೆನ್‌ಡ್ರೈವ್ ಕಾಪಿ ಮಾಡಿಕೊಂಡು ಹೋದಳು. ಮರುದಿನ ಕ್ಲಾಸಿನಿಂದಲೇ ಫೋನು: "ಏನೇ ಇದು, ಬರೀ ಬಿಳಿ ಪುಟ ಬರ್ತಿದೆ." ಅವರ ಲ್ಯಾಬಿನ ಕಂಪ್ಯೂಟರಿನಲ್ಲಿ ಡಬಲ್ ಕ್ಲಿಕ್ ಮಾಡಿದರೆ ಓಬೀರಾಯನ ಕಾಲದ ಬ್ರೌಸರು ತೆರೆದುಕೊಳ್ಳುತ್ತಿತ್ತು. ಕಡತದ ಮೇಲೆ ಮೌಸಿನ ಬಲಗುಂಡಿ ಒತ್ತಿ, ಬೇರೆ ಬ್ರೌಸರ್ ಇದ್ದರೆ ಅದರಲ್ಲಿ ತೆರೆ ಅಂದೆ. ಫೋನು ಇಡುವುದನ್ನು ಮರೆತಿದ್ದಳು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಮಕ್ಕಳ ಕೂಗು ಕೇಳಿಸಿತು: "ಮಿಸ್, ನಾಯಿ! ನಾಯಿ ಹಾಕಿ ಮಿಸ್!"