ಗೂಗಲ್ ಶೀಟ್ಸ್‌ನಲ್ಲಿ ಷೇರು ಲೆಕ್ಕ: ರಿಸ್ಕ್‌ಗೆ ಸೈ, ರಿಟರ್ನ್‌ಗೆ ಹುಷಾರು

ಬ್ರೋಕರ್ ಆ್ಯಪ್ ತೆರೆದರೆ ಇವತ್ತಿನ ಲಾಭ-ನಷ್ಟ ಹಸಿರು, ಕೆಂಪು ಬಣ್ಣದಲ್ಲಿ ಥಟ್ಟನೆ ಕಾಣುತ್ತದೆ. ಆದರೆ ಕೈಯಲ್ಲಿರುವ ಷೇರುಗಳೆಲ್ಲ ಸೇರಿ ವರ್ಷಕ್ಕೆ ಎಷ್ಟು ಏರಿಳಿಯುತ್ತವೆ, ಅಷ್ಟೂ ದುಡ್ಡನ್ನು ನಿಫ್ಟಿಯಲ್ಲೇ ಹಾಕಿದ್ದರೆ ಏನಾಗುತ್ತಿತ್ತು ಎಂದು ತಿಳಿಯಬೇಕಾದರೆ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು. ಅದಕ್ಕೆ ಬಿಡಿಗಾಸೂ ಖರ್ಚಿಲ್ಲದೆ ಸಿಗುವ ಸಾಧನ ಗೂಗಲ್ ಶೀಟ್ಸ್ ಮತ್ತು ಅದರೊಳಗಿನ ಗೂಗಲ್‌ಫೈನಾನ್ಸ್ ಫಂಕ್ಷನ್. ರಿಸ್ಕ್ ಅಳೆಯಲು ಇದು ಧಾರಾಳವಾಗಿ ಸಾಕು. ಈವರೆಗಿನ ಗಳಿಕೆ ಅಳೆಯಲು ಅರ್ಧ ಸಾಕು, ಉಳಿದರ್ಧ ಮಾಹಿತಿ ನೀವೇ ತುಂಬಬೇಕು. ಮುಂದೆ ಎಷ್ಟು ಬರಬಹುದು ಎಂದು ಅದರಿಂದ ಬರುವ ಅಂಕಿಯನ್ನಂತೂ ನಂಬಿ ಒಂದು ಎಸ್‌ಐಪಿಯನ್ನೂ ಬದಲಿಸಬೇಡಿ.

ಬೆಲೆ ತರಿಸುವುದು ಸುಲಭ. ಫಂಕ್ಷನ್‌ಗೆ ಮೊದಲು ಸಿಂಬಲ್ ಕೊಡಬೇಕು. ಇನ್ಫೋಸಿಸ್ ಆದರೆ ಎನ್‌ಎಸ್‌ಇ, ಕೋಲನ್, ಐಎನ್‌ಎಫ್‌ವೈ. ಆಮೇಲೆ ಕ್ಲೋಸ್ ಎಂಬ ಪದ, ಶುರುವಿನ ದಿನಾಂಕ, ಕೊನೆಯ ದಿನಾಂಕ, ಡೈಲಿ ಅಥವಾ ವೀಕ್ಲಿ. ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಒಂದೇ ಸೆಲ್‌ನಲ್ಲಿ ಬರೆದರೆ ಎರಡು ಕಾಲಂಗಳಲ್ಲಿ ದಿನಾಂಕ ಮತ್ತು ಬೆಲೆ ತಾನಾಗಿ ಕೆಳಗೆ ಹರಡಿಕೊಳ್ಳುತ್ತವೆ. ಈ ಕ್ಷಣದ ಬೆಲೆ 20 ನಿಮಿಷದವರೆಗೆ ತಡವಾಗಿರಬಹುದು. ಟ್ರೇಡಿಂಗ್ ಮಾಡುವವರಿಗೆ ಇದು ಪ್ರಯೋಜನವಿಲ್ಲ, ಲೆಕ್ಕ ಇಡುವವರಿಗೆ ಅಡ್ಡಿಯಿಲ್ಲ.

ತೊಂದರೆ ಶುರುವಾಗುವುದು ಹತ್ತು ಷೇರುಗಳನ್ನು ಪಕ್ಕಪಕ್ಕ ಇಟ್ಟಾಗ. ಬರುವ ದಿನಾಂಕದ ಜತೆ ಮಧ್ಯಾಹ್ನ 15:30ರ ಸಮಯವೂ ಅಂಟಿಕೊಂಡಿರುತ್ತದೆ. ಹಾಗಾಗಿ ಬರೀ ದಿನಾಂಕ ಕೊಟ್ಟು ವಿ-ಲುಕಪ್ (ಪಟ್ಟಿಯಲ್ಲಿ ಹುಡುಕಿ ತರುವ ಫಂಕ್ಷನ್) ಮಾಡಿದರೆ ಸಿಗುವುದು ಎನ್/ಎ, ಅಂದರೆ ಸಿಗಲಿಲ್ಲ ಎಂಬ ಎರರ್. ದಿನಾಂಕದ ಕಾಲಂ ಮೇಲೆ ಐಎನ್‌ಟಿ ಫಂಕ್ಷನ್ ಹಾಕಿ ಸಮಯವನ್ನು ಕತ್ತರಿಸಿದರೆ ಸರಿಹೋಗುತ್ತದೆ. ಇನ್ನೊಂದು, ಎಲ್ಲ ಷೇರಿಗೂ ಅಷ್ಟೇ ಸಾಲುಗಳು ಬರುತ್ತವೆ ಎಂಬ ಖಾತ್ರಿಯಿಲ್ಲ. ದೀಪಾವಳಿಯ ಮುಹೂರ್ತ ಟ್ರೇಡಿಂಗ್, 2024ರ ಮಾರ್ಚ್ 2 ಮತ್ತು ಮೇ 18ರಂಥ ಶನಿವಾರದ ವಿಶೇಷ ಸೆಷನ್‌ಗಳು ಇಂಥ ಜಾಗಗಳು; ಅವು ಒಂದು ಷೇರಿನ ಪಟ್ಟಿಯಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ, ಅಲ್ಲಿಂದ ಕೆಳಗೆ ಸೋಮವಾರದ ಬೆಲೆ ಮಂಗಳವಾರದ ಪಕ್ಕ ಕೂರುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ, ಕೋರಿಲೇಷನ್ (ಎರಡು ಷೇರುಗಳು ಎಷ್ಟು ಜತೆಜತೆಯಾಗಿ ಏರಿಳಿಯುತ್ತವೆ ಎಂಬ ಅಳತೆ) ಮಾತ್ರ ಸುಮ್ಮನೆ ಸೊನ್ನೆಯತ್ತ ಜಾರುತ್ತದೆ, ನಿಮ್ಮ ಪೋರ್ಟ್‌ಫೋಲಿಯೊ ಇರುವುದಕ್ಕಿಂತ ಸುರಕ್ಷಿತವಾಗಿ ಕಾಣುತ್ತದೆ. ಆದ್ದರಿಂದ ಒಂದು ಕಾಲಂನಲ್ಲಿ ನಿಫ್ಟಿಯ ದಿನಾಂಕಗಳನ್ನಷ್ಟೇ ಇಟ್ಟುಕೊಂಡು, ಉಳಿದೆಲ್ಲ ಬೆಲೆಗಳನ್ನೂ ದಿನಾಂಕದ ಮೇಲೆ ಹುಡುಕಿ ತರಬೇಕು. ಸಿಗದಿದ್ದರೆ ಸೆಲ್ ಖಾಲಿ ಬಿಡಿ. ಎರರ್ ಬಂದಾಗ ಬದಲಿ ಉತ್ತರ ಕೊಡುವ ಇಫ್-ಎರರ್‌ನಲ್ಲಿ ಸೊನ್ನೆ ಹಾಕುವ ಚಾಳಿ ಬೇಡ: ಬೆಲೆ ಸೊನ್ನೆಯಾದರೆ ಆ ದಿನದ ರಿಟರ್ನ್ ಮೈನಸ್ 100 ಪರ್ಸೆಂಟ್ ಆಗಿಬಿಡುತ್ತದೆ.

ಫೈಲ್ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ದೇಶದ ಆಯ್ಕೆ) ಇಂಡಿಯಾ ಇದೆಯೇ ಎಂದೂ ಮೊದಲೇ ನೋಡಿ. ಅಮೆರಿಕ ಎಂದಿದ್ದರೆ 05/04/2024 ಎಂದು ಬರೆದ ಏಪ್ರಿಲ್ 5 ಸದ್ದಿಲ್ಲದೆ ಮೇ 4 ಆಗುತ್ತದೆ, 15/04/2024 ಬರೀ ಅಕ್ಷರವಾಗಿ ಉಳಿಯುತ್ತದೆ. ಕಂಪನಿ ಹೆಸರು ಬದಲಿಸಿದಾಗಲೂ ಶೀಟ್ ಕೈಕೊಡುತ್ತದೆ. ಝೊಮ್ಯಾಟೊ 2025ರಲ್ಲಿ ಎಟರ್ನಲ್ ಆಗಿ ಸಿಂಬಲ್ ಬದಲಾಯಿತು. ಹಳೆಯ ಸಿಂಬಲ್ ಬರೆದಿಟ್ಟವರು ಅದನ್ನು ಕೈಯಾರೆ ತಿದ್ದಬೇಕು.

ಬೋನಸ್, ಸ್ಪ್ಲಿಟ್‌ಗಳು ಸಾಮಾನ್ಯವಾಗಿ ಹಿಂದಿನ ಬೆಲೆಗಳಲ್ಲಿ ಸರಿಹೊಂದಿಯೇ ಬರುತ್ತವೆ. ಆದರೂ ಪರೀಕ್ಷಿಸದೆ ಬಿಡಬಾರದು, ಏಕೆಂದರೆ ಒಂದು ತಪ್ಪಿದರೆ ಪೆಟ್ಟು ದೊಡ್ಡದು. ದಿನದ ಏರಿಳಿತ (ರಿಟರ್ನ್‌ಗಳ ಸ್ಟ್ಯಾಂಡರ್ಡ್ ಡೀವಿಯೇಷನ್, ಅಂದರೆ ಸರಾಸರಿಯಿಂದ ಎಷ್ಟು ಆಚೀಚೆ ಎಂಬ ಅಳತೆ) 1.5 ಪರ್ಸೆಂಟ್ ಇರುವ ಷೇರು ವರ್ಷದ ಲೆಕ್ಕಕ್ಕೆ, ಅಂದರೆ ವರ್ಷದ ಸುಮಾರು 250 ವಹಿವಾಟು ದಿನಗಳ ವರ್ಗಮೂಲವಾದ 15.81ರಿಂದ ಗುಣಿಸಿದರೆ, 23.7 ಪರ್ಸೆಂಟ್ ಆಗುತ್ತದೆ. 1:1 ಬೋನಸ್ (ಒಂದು ಷೇರಿಗೆ ಇನ್ನೊಂದು ಪುಕ್ಕಟೆ, ಹಾಗಾಗಿ ಬೆಲೆ ಅರ್ಧ) ಸರಿಹೊಂದದೆ 250 ದಿನಗಳಲ್ಲಿ ಒಂದೇ ಒಂದು ದಿನ ಮೈನಸ್ 50 ಎಂದು ಬಿದ್ದರೂ ಆ ಅಂಕಿ 55ಕ್ಕೆ ಜಿಗಿಯುತ್ತದೆ. ರಿಟರ್ನ್ ಕಾಲಂನ ತಲೆಯಲ್ಲಿ ಅತಿ ಕಡಿಮೆ ಅಂಕಿ ತೋರಿಸುವ ಮಿನ್ ಫಂಕ್ಷನ್ ಹಾಕಿಡಿ. ಮೈನಸ್ 20ಕ್ಕಿಂತ ಕೆಳಗಿನ ಯಾವ ಅಂಕಿ ಕಂಡರೂ ಕಂಪನಿಯ ಪ್ರಕಟಣೆ ಹುಡುಕಿ. ಇನ್ಫೋಸಿಸ್‌ನ 2018ರ, ರಿಲಯನ್ಸ್‌ನ 2024ರ 1:1 ಬೋನಸ್‌ಗಳ ಆಸುಪಾಸಿನ ಬೆಲೆ ತರಿಸಿ ನೋಡಿದರೆ ಪರೀಕ್ಷೆಗೆ ಒಳ್ಳೆಯ ಮಾದರಿ ಸಿಗುತ್ತದೆ.

ಡೀಮರ್ಜರ್, ಅಂದರೆ ಕಂಪನಿಯ ಒಂದು ಭಾಗ ಬೇರೆ ಕಂಪನಿಯಾಗುವುದು, ಇನ್ನೂ ನವಿರಾದ ತೊಡಕು. 2023ರ ಜುಲೈ 20ರಂದು ಜಿಯೊ ಫೈನಾನ್ಷಿಯಲ್ ಬೇರ್ಪಟ್ಟಾಗ ಎನ್‌ಎಸ್‌ಇಯಲ್ಲಿ ರಿಲಯನ್ಸ್ ಬೆಲೆ 2,841.85ರಿಂದ ವಿಶೇಷ ಸೆಷನ್‌ನಲ್ಲಿ 2,580ಕ್ಕೆ ನಿಂತಿತು. ಕಾಗದದ ಮೇಲೆ 9.2 ಪರ್ಸೆಂಟ್ ಕುಸಿತ. ವಾಸ್ತವದಲ್ಲಿ ಕಳೆದುಹೋದದ್ದು ಏನೂ ಇಲ್ಲ, ಪ್ರತಿ ಷೇರಿಗೆ 261.85 ರೂಪಾಯಿ ಮೌಲ್ಯದ ಒಂದು ಹೊಸ ಷೇರು ಬಂತು. ಇದು ಮಿನ್ ಪರೀಕ್ಷೆಗೆ ಸಿಕ್ಕಿಬೀಳುವುದಿಲ್ಲ. ಡೀಮರ್ಜರ್ ಆದ ಷೇರುಗಳ ಪಟ್ಟಿ ಕೈಯಲ್ಲಿಟ್ಟುಕೊಂಡು ಆ ದಿನದ ರಿಟರ್ನ್ ಅನ್ನು ನೀವೇ ತಿದ್ದಬೇಕು.

ಇನ್ನು ಸೂಚ್ಯಂಕ. ನಿಫ್ಟಿ 50ರ ಮೂಲ ದಿನ 1995ರ ನವೆಂಬರ್ 3, ಮೂಲ ಅಂಕ 1000. 2009ರ ಜೂನ್‌ನಿಂದ ಫ್ರೀ ಫ್ಲೋಟ್ ಪದ್ಧತಿ. ಪ್ರವರ್ತಕರ ಕೈಯಲ್ಲಿರುವ ಷೇರು ಬಿಟ್ಟು ಪೇಟೆಯಲ್ಲಿ ಓಡಾಡುವ ಷೇರಿನ ಮೌಲ್ಯವನ್ನಷ್ಟೇ ಅದು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇದೇ ಪದ್ಧತಿಯಲ್ಲಿ ನಿಮ್ಮದೇ ಪುಟ್ಟ ಸೂಚ್ಯಂಕವನ್ನು ಶೀಟ್‌ನಲ್ಲಿ ಕಟ್ಟಬಹುದು, ಬೆಂಗಳೂರಿನ ಐಟಿ ಕಂಪನಿಗಳದ್ದೇ ಬೇಕೆಂದರೆ ಅದನ್ನೂ. ಮೂರು ಕಂಪನಿ ಇವೆ ಎನ್ನೋಣ, ಫ್ರೀ ಫ್ಲೋಟ್ ಮೌಲ್ಯ 1000, 1500, 2500 ಕೋಟಿ. ಒಟ್ಟು 5000, ಸೂಚ್ಯಂಕ 1000ದಿಂದ ಶುರುವಾಗಬೇಕಾದರೆ ಭಾಜಕ 5. ಮರುದಿನ ಮೌಲ್ಯ 1100, 1470, 2550 ಆದರೆ ಒಟ್ಟು 5120, ಸೂಚ್ಯಂಕ 1024. ಈಗ ಮೂರನೆಯದನ್ನು ತೆಗೆದು 3070 ಕೋಟಿಯ ಬೇರೊಂದನ್ನು ಸೇರಿಸಿದರೆ ಒಟ್ಟು 5640. ಹಳೆಯ ಭಾಜಕದಿಂದ ಭಾಗಿಸಿದರೆ ಸೂಚ್ಯಂಕ 1128. ಪೇಟೆಯಲ್ಲಿ ಒಂದು ರೂಪಾಯಿಯೂ ಏರದೆ 10 ಪರ್ಸೆಂಟ್ ಏರಿಕೆ! ಆದ್ದರಿಂದ ಬದಲಾವಣೆಯ ಕ್ಷಣದಲ್ಲೇ ಭಾಜಕವನ್ನು 5640 ಭಾಗಿಸು 1024, ಅಂದರೆ 5.5078 ಮಾಡಬೇಕು. ಮನೆಯಲ್ಲಿ ಸೂಚ್ಯಂಕ ಕಟ್ಟುವವರು ಎಡವುವುದು ಹೆಚ್ಚಾಗಿ ಇಲ್ಲೇ. ಫ್ರೀ ಫ್ಲೋಟ್ ಅಂಕಿಯನ್ನು ಈ ಫಂಕ್ಷನ್ ಕೊಡುವುದಿಲ್ಲ. ಕಂಪನಿಗಳು ಮೂರು ತಿಂಗಳಿಗೊಮ್ಮೆ ಸಲ್ಲಿಸುವ ಷೇರುದಾರರ ವಿವರದಿಂದ ನೀವೇ ತುಂಬಬೇಕು.

ಶೀಟ್‌ಗೆ ಬರುವ ನಿಫ್ಟಿ, ಸೆನ್ಸೆಕ್ಸ್ ಎರಡೂ ಬೆಲೆ ಸೂಚ್ಯಂಕಗಳು, ಡಿವಿಡೆಂಡ್ ಅದರಲ್ಲಿ ಇಲ್ಲ. ಈ ಸಾಧನದ ದೊಡ್ಡ ಕೊರತೆ ಇದೇ. ನಿಮ್ಮ ಖಾತೆಗೆ ಬಂದ ಡಿವಿಡೆಂಡ್ ಸೇರಿಸಿ ರಿಟರ್ನ್ ಲೆಕ್ಕ ಹಾಕಿ, ಡಿವಿಡೆಂಡ್ ಇಲ್ಲದ ನಿಫ್ಟಿಯ ಪಕ್ಕ ಇಟ್ಟರೆ ವರ್ಷಕ್ಕೆ ಒಂದು ಪರ್ಸೆಂಟ್‌ಗೂ ಮಿಕ್ಕ ಬೆನ್ನು ತಟ್ಟಿಕೊಳ್ಳುವಿಕೆ ಪುಕ್ಕಟೆ ಸಿಗುತ್ತದೆ. ಮ್ಯೂಚುವಲ್ ಫಂಡ್‌ಗಳು ಹೀಗೆ ಮಾಡದಂತೆ ಸೆಬಿ 2018ರ ಫೆಬ್ರವರಿ 1ರಿಂದಲೇ ಟಿಆರ್‌ಐ, ಅಂದರೆ ಡಿವಿಡೆಂಡ್ ಮರುಹೂಡಿಕೆ ಸೇರಿದ ಸೂಚ್ಯಂಕದ ಜತೆಗೇ ಹೋಲಿಸಬೇಕೆಂದು ಕಡ್ಡಾಯ ಮಾಡಿದೆ. ನಿಮಗೂ ಅದೇ ನಿಯಮ ಒಳ್ಳೆಯದು. ಎನ್‌ಎಸ್‌ಇ ಇಂಡೈಸಸ್ ತಾಣದಲ್ಲಿ ಟಿಆರ್‌ಐನ ಹಳೆಯ ಅಂಕಿಗಳು ಸಿಎಸ್‌ವಿ ಫೈಲಾಗಿ ಸಿಗುತ್ತವೆ, ಇಂಪೋರ್ಟ್ ಮಾಡಿಕೊಂಡು ಪ್ರತ್ಯೇಕ ಟ್ಯಾಬ್‌ನಲ್ಲಿಡಿ.

ಗಳಿಕೆಯ ಲೆಕ್ಕಕ್ಕೆ ಎಕ್ಸ್‌ಐಆರ್‌ಆರ್, ಅಂದರೆ ಬೇರೆ ಬೇರೆ ದಿನ ಹಾಕಿದ-ತೆಗೆದ ದುಡ್ಡಿನ ವಾರ್ಷಿಕ ರಿಟರ್ನ್ ಕೊಡುವ ಫಂಕ್ಷನ್. ಹಾಕಿದ ದುಡ್ಡು ಮೈನಸ್, ಬಂದ ದುಡ್ಡು ಪ್ಲಸ್, ಡಿವಿಡೆಂಡ್ ಬಂದ ದಿನವೇ ಪ್ಲಸ್, ಕೊನೆಯ ಸಾಲಿನಲ್ಲಿ ಇವತ್ತಿನ ಒಟ್ಟು ಮೌಲ್ಯ ಪ್ಲಸ್. ಎಲ್ಲವೂ ಒಂದೇ ಚಿಹ್ನೆಯಲ್ಲಿದ್ದರೆ ಎರರ್ ಬರುತ್ತದೆ. ಅವಧಿ ವರ್ಷಕ್ಕಿಂತ ಕಡಿಮೆಯಿದ್ದರೆ ಉತ್ತರ ನೋಡಿ ಹಿಗ್ಗಬೇಡಿ: 30 ದಿನದಲ್ಲಿ ಬಂದ 3 ಪರ್ಸೆಂಟ್ ಅನ್ನು ಅದು ವರ್ಷಕ್ಕೆ ಹಿಗ್ಗಿಸಿ 43 ಎಂದು ತೋರಿಸುತ್ತದೆ. ನಿಫ್ಟಿ ಜತೆಗಿನ ಹೋಲಿಕೆ ನ್ಯಾಯವಾಗಿರಬೇಕಾದರೆ ನೀವು ದುಡ್ಡು ಹಾಕಿದ ಪ್ರತಿ ದಿನವೂ ಅಷ್ಟೇ ದುಡ್ಡಿಗೆ ಅಂದಿನ ಟಿಆರ್‌ಐ ಅಂಕಿಯಲ್ಲಿ ಕಾಲ್ಪನಿಕ ಯೂನಿಟ್ ಕೊಂಡಂತೆ ಬರೆಯಿರಿ, ಜೇಬಿಗೆ ಹಿಂತೆಗೆದ ದಿನ ಯೂನಿಟ್ ಮಾರಿದಂತೆ. ಕೊನೆಗೆ ಉಳಿದ ಯೂನಿಟ್‌ಗಳ ಮೌಲ್ಯ ಹಾಕಿ ಅದಕ್ಕೂ ಎಕ್ಸ್‌ಐಆರ್‌ಆರ್ ತೆಗೆಯಿರಿ. ಬರೀ ನಿಫ್ಟಿಯ ಐದು ವರ್ಷದ ಸಿಎಜಿಆರ್ (ಒಮ್ಮೆಗೇ ಹಾಕಿದ ದುಡ್ಡಿನ ವಾರ್ಷಿಕ ಚಕ್ರಬೆಳವಣಿಗೆ ದರ) ಪಕ್ಕ ನಿಮ್ಮ ಎಸ್‌ಐಪಿಯ ಎಕ್ಸ್‌ಐಆರ್‌ಆರ್ ಇಟ್ಟರೆ ಅದು ಹೋಲಿಕೆಯೇ ಅಲ್ಲ.

ರಿಸ್ಕ್ ವಿಷಯಕ್ಕೆ ಬಂದರೆ ಶೀಟ್ಸ್‌ಗೆ ಕೈ ಮುಗಿಯಬೇಕು. ಎರಡು ಷೇರು, ದುಡ್ಡು 60:40, ವಾರ್ಷಿಕ ಏರಿಳಿತ 24 ಮತ್ತು 30 ಪರ್ಸೆಂಟ್, ಕೋರಿಲೇಷನ್ 0.4 ಎಂದುಕೊಳ್ಳಿ. ಸರಾಸರಿ ಹಾಕಿದರೆ 26.4. ವೇರಿಯನ್ಸ್ (ಏರಿಳಿತದ ವರ್ಗ) ಲೆಕ್ಕ ಹಾಕಿದರೆ 0.0207, 0.0144, ಮತ್ತು ಜೋಡಿಯ ಪಾಲು 0.0138, ಒಟ್ಟು 0.0490, ವರ್ಗಮೂಲ 22.1 ಪರ್ಸೆಂಟ್. ಆ 4.3ರ ವ್ಯತ್ಯಾಸವೇ ಎರಡು ಷೇರು ಇಟ್ಟುಕೊಂಡದ್ದರ ಫಲ. ಷೇರುಗಳು ಹೆಚ್ಚಿದ್ದರೆ ಪ್ರತಿ ಜೋಡಿಯ ಜತೆ-ಏರಿಳಿತ ಕೊಡುವ ಕೋವೇರಿಯನ್ಸ್-ಎಸ್‌ನಿಂದ ಮ್ಯಾಟ್ರಿಕ್ಸ್ (ಅಂಕಿಗಳ ಚೌಕ ಕೋಷ್ಟಕ) ಮಾಡಿ, ಮ್ಯಾಟ್ರಿಕ್ಸ್ ಗುಣಿಸುವ ಎಂ-ಮಲ್ಟ್‌ನಿಂದ ಎರಡೂ ಕಡೆ ತೂಕಗಳನ್ನು (ಪ್ರತಿ ಷೇರಿನಲ್ಲಿರುವ ದುಡ್ಡಿನ ಪಾಲು) ಗುಣಿಸಿ. ತೂಕಗಳ ಸಾಲು ಮುಂದೆ, ಟ್ರಾನ್ಸ್‌ಪೋಸ್ ಮಾಡಿದ್ದು (ಸಾಲನ್ನು ಕಾಲಂ ಆಗಿ ತಿರುಗಿಸಿದ್ದು) ಹಿಂದೆ. ತಿರುಗಾಮುರುಗಾ ಆದರೆ ಒಂದು ಸಂಖ್ಯೆಯ ಬದಲು ದೊಡ್ಡ ಕೋಷ್ಟಕ ಹರಡಿಕೊಳ್ಳುತ್ತದೆ ಅಥವಾ ಎರರ್ ಬರುತ್ತದೆ.

ಉತ್ತರ ಸರಿಯೇ ಎಂದು ತಾಳೆ ನೋಡುವ ದಾರಿಯೂ ಇದೆ. ಸಮ್-ಪ್ರಾಡಕ್ಟ್‌ನಿಂದ ದಿನದಿನದ ಪೋರ್ಟ್‌ಫೋಲಿಯೊ ರಿಟರ್ನ್ ತೆಗೆದು ಅದರ ಸ್ಟ್ಯಾಂಡರ್ಡ್ ಡೀವಿಯೇಷನ್ ಹಾಕಿ. ಖಾಲಿ ಸೆಲ್ ಇರುವ ದಿನಗಳನ್ನು ಮೊದಲು ಪೂರ್ತಿ ತೆಗೆದಿದ್ದರೆ ಎರಡೂ ಉತ್ತರ ಕೊನೆಯ ದಶಮಾಂಶದವರೆಗೆ ಒಂದೇ ಇರಬೇಕು. 0.2 ಪರ್ಸೆಂಟ್‌ನಷ್ಟು ಸಣ್ಣ ವ್ಯತ್ಯಾಸ ಬಂದರೆ ಒಂದು ಕಡೆ ಹಳೆಯ ಕೋವಾರ್ ಬಳಸಿದ್ದೀರಿ. ಅದು ಒಟ್ಟು ದಿನಗಳಿಂದ ಭಾಗಿಸುತ್ತದೆ, ಸ್ಟಿಡೆವ್ ಒಂದು ಕಡಿಮೆಯಿಂದ. ದೊಡ್ಡ ವ್ಯತ್ಯಾಸ ಬಂದರೆ ಫಾರ್ಮುಲಾದ ಯಾವುದೋ ಸೆಲ್ ವ್ಯಾಪ್ತಿ ಒಂದು ಸಾಲು ಜರುಗಿದೆ.

ಈ ಮ್ಯಾಟ್ರಿಕ್ಸ್‌ನಿಂದ ಸಿಗುವ ಉಪಯುಕ್ತ ಅಂಕಿ ಪ್ರತಿ ಷೇರಿನ ರಿಸ್ಕ್ ಪಾಲು. ಮೇಲಿನ ಉದಾಹರಣೆಯಲ್ಲಿ ದುಡ್ಡಿನ 40 ಪರ್ಸೆಂಟ್ ಇರುವ ಎರಡನೇ ಷೇರು ರಿಸ್ಕ್‌ನಲ್ಲಿ 43.5 ಪರ್ಸೆಂಟ್ ಹೊತ್ತಿದೆ. ಸ್ಮಾಲ್ ಕ್ಯಾಪ್ ಸೇರಿದ ಪಟ್ಟಿಗಳಲ್ಲಿ ಈ ಅಂತರ ಇನ್ನಷ್ಟು ಹಿಗ್ಗುತ್ತದೆ, ಯಾವುದನ್ನು ಕಡಿಮೆ ಮಾಡಬೇಕು ಎಂಬುದು ಆಗ ತಾನೇ ಕಾಣುತ್ತದೆ. ಬೀಟಾ (ಸೂಚ್ಯಂಕ 1 ಪರ್ಸೆಂಟ್ ಚಲಿಸಿದರೆ ಷೇರು ಸರಾಸರಿ ಎಷ್ಟು ಚಲಿಸುತ್ತದೆ ಎಂಬ ಅಳತೆ) ಬೇಕಿದ್ದರೆ ಫಂಕ್ಷನ್ ಕೊಡುವ ಸಿದ್ಧ ಬೀಟಾ ಬಿಡಿ; ಯಾವ ಸೂಚ್ಯಂಕದೆದುರು, ಎಷ್ಟು ಅವಧಿಗೆ ಎಂದು ಅದು ಹೇಳುವುದಿಲ್ಲ. ಸ್ಲೋಪ್ ಫಂಕ್ಷನ್‌ಗೆ ಮೊದಲು ಷೇರಿನ, ಆಮೇಲೆ ನಿಫ್ಟಿಯ ವಾರದ ರಿಟರ್ನ್ ಕೊಟ್ಟರೆ ನಿಮ್ಮದೇ ಬೀಟಾ ಸಿದ್ಧ.

ವ್ಯಾಲ್ಯೂ ಅಟ್ ರಿಸ್ಕ್, ಅಂದರೆ ಕೆಟ್ಟ ದಿನದಲ್ಲಿ ಎಷ್ಟು ಹೋಗಬಹುದು ಎಂಬ ಅಂದಾಜು, ಮಾತ್ರ ಎಚ್ಚರದಿಂದ. 10 ಲಕ್ಷದ ಪೋರ್ಟ್‌ಫೋಲಿಯೊ, ದಿನದ ಏರಿಳಿತ 1.4 ಪರ್ಸೆಂಟ್ ಇದ್ದರೆ 1.645ರಿಂದ (ನಾರ್ಮಲ್ ಡಿಸ್ಟ್ರಿಬ್ಯೂಷನ್ ಎಂಬ ಗಂಟೆಯಾಕಾರದ ಹಂಚಿಕೆಯಲ್ಲಿ ಕೆಳಗಿನ 5 ಪರ್ಸೆಂಟ್‌ನ ಗಡಿ) ಗುಣಿಸಿ 23,030 ರೂಪಾಯಿ ಎಂಬ ಉತ್ತರ ಬರುತ್ತದೆ: 20 ದಿನಕ್ಕೊಮ್ಮೆ ಇದಕ್ಕಿಂತ ಹೆಚ್ಚು ಕಳೆದುಕೊಳ್ಳಬಹುದು ಎಂದರ್ಥ, ಇದೇ ಗರಿಷ್ಠ ನಷ್ಟ ಎಂದಲ್ಲ. 2020ರ ಮಾರ್ಚ್ 23ರಂದು ನಿಫ್ಟಿ ಒಂದೇ ದಿನ 12.98 ಪರ್ಸೆಂಟ್ ಬಿದ್ದು 7,610.25ಕ್ಕೆ ಮುಗಿಯಿತು. 1.4ರ ಲೆಕ್ಕದಲ್ಲಿ ಅದು ಒಂಬತ್ತು ಪಟ್ಟು ಮೀರಿದ ಏರಿಳಿತ. ನಾರ್ಮಲ್ ಡಿಸ್ಟ್ರಿಬ್ಯೂಷನ್ ಪ್ರಕಾರ ಅಂಥ ದಿನ ಬರಲೇಬಾರದು. 2024ರ ಜೂನ್ 4ರ ಲೋಕಸಭಾ ಚುನಾವಣೆ ಫಲಿತಾಂಶದ ದಿನ ಮತ್ತೆ 5.93 ಪರ್ಸೆಂಟ್ ಬಿತ್ತು. ಪರ್ಸೆಂಟೈಲ್ ಫಂಕ್ಷನ್‌ನಿಂದ ನಿಜವಾದ ರಿಟರ್ನ್‌ಗಳ ಕೆಳಗಿನ 1 ಪರ್ಸೆಂಟ್ ತೆಗೆದು ನೋಡುವುದು ಮೇಲು, ಅವಧಿಯಲ್ಲಿ 2020 ಸೇರಿರಲಿ.

ಕೊನೆಗೆ ನಿರೀಕ್ಷಿತ ರಿಟರ್ನ್. ಆವರೇಜ್ ಫಂಕ್ಷನ್ ಒತ್ತಿದರೆ ಏನೋ ಒಂದು ಬರುತ್ತದೆ, ಅದೇ ಅಪಾಯ. ಒಂದು ವರ್ಷ ಪ್ಲಸ್ 50, ಇನ್ನೊಂದು ವರ್ಷ ಮೈನಸ್ 40 ಆದರೆ ಸರಾಸರಿ ಪ್ಲಸ್ 5. ಕೈಯಲ್ಲಿ ಉಳಿಯುವುದು ನೂರಕ್ಕೆ 90. ಸರಾಸರಿಯಿಂದ ವೇರಿಯನ್ಸ್‌ನ ಅರ್ಧ ಕಳೆದರೆ ಸುಮಾರಾಗಿ ನಿಜವಾದ ಬೆಳವಣಿಗೆ ದರ ಸಿಗುತ್ತದೆ: ಸರಾಸರಿ 14, ಏರಿಳಿತ 22 ಇದ್ದರೆ 11.6ರ ಹತ್ತಿರ. ಆದರೆ ಆ 14 ಎಂಬುದೇ ಎಷ್ಟು ಗಟ್ಟಿ? ಹತ್ತು ವರ್ಷದ ಮಾಹಿತಿ ಇದ್ದರೂ ಅದರ ಸ್ಟ್ಯಾಂಡರ್ಡ್ ಎರರ್ (ಸರಾಸರಿ ಎಷ್ಟು ತಪ್ಪಿರಬಹುದು ಎಂಬ ಅಳತೆ) 22 ಭಾಗಿಸು 10ರ ವರ್ಗಮೂಲ, ಅಂದರೆ 7. ರೂಢಿಯಂತೆ ಅದರ ಎರಡು ಪಟ್ಟು, ಅಂದರೆ ಎರಡೂ ಕಡೆ 14 ಬಿಟ್ಟರೆ ಉತ್ತರ ಸೊನ್ನೆಯಿಂದ 28ರವರೆಗೆ ಎಲ್ಲಿ ಬೇಕಾದರೂ ಇರಬಹುದು. ವಾರದ ಬದಲು ದಿನದ ಬೆಲೆ ತಂದರೂ ಇದು ಕಿರಿದಾಗುವುದಿಲ್ಲ, ಏಕೆಂದರೆ ಸರಾಸರಿ ರಿಟರ್ನ್ ತೀರ್ಮಾನವಾಗುವುದು ಮೊದಲ ಮತ್ತು ಕೊನೆಯ ಬೆಲೆಯಿಂದ. ನಡುವಿನ ಸಾಲುಗಳು ಏರಿಳಿತಕ್ಕಷ್ಟೇ ಸಾಕ್ಷಿ. ಗುರಿ ಲೆಕ್ಕಕ್ಕೆ ಏನಾದರೂ ಬೇಕೇಬೇಕು ಎಂದರೆ ಸರ್ಕಾರಿ ಬಾಂಡ್ ದರಕ್ಕೆ ಬೀಟಾ ಗುಣಿಸಿದ 4-5 ಪರ್ಸೆಂಟ್ ಸೇರಿಸಿ, ತೆರಿಗೆ ಕಳೆಯಿರಿ. 2024ರ ಜುಲೈ 23ರಿಂದ ಪಟ್ಟಿಯಾದ ಷೇರುಗಳ ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ 1.25 ಲಕ್ಷ ಮೀರಿದ್ದಕ್ಕೆ 12.5 ಪರ್ಸೆಂಟ್, ಅಲ್ಪಾವಧಿಗೆ 20.

ಎರಡು ಷರತ್ತು ತಿಳಿದಿರಲಿ. ಹಣಕಾಸು ವೃತ್ತಿಯವರು ಕೆಲಸಕ್ಕಾಗಿ ಈ ಮಾಹಿತಿ ಬಳಸಬಾರದು ಎಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ, ಹಾಗಾಗಿ ಗ್ರಾಹಕರಿಗೆ ವರದಿ ಕೊಡುವ ಸಲಹೆಗಾರರು ದುಡ್ಡು ಕೊಟ್ಟು ಬೇರೆ ಮೂಲ ಹುಡುಕಬೇಕು. ಮತ್ತೆ, ಹಳೆಯ ಬೆಲೆಗಳು ಶೀಟ್‌ನೊಳಗಷ್ಟೇ ಕಾಣುತ್ತವೆ. ಫೈಲನ್ನು ಡೌನ್‌ಲೋಡ್ ಮಾಡಿದರೆ ಅಥವಾ ಆ್ಯಪ್ಸ್ ಸ್ಕ್ರಿಪ್ಟ್‌ನಿಂದ (ಶೀಟ್ಸ್‌ಗೆ ಪುಟ್ಟ ಪ್ರೋಗ್ರಾಂ ಬರೆಯುವ ಗೂಗಲ್ ಸೌಲಭ್ಯ) ಓದಿದರೆ ಆ ಸೆಲ್‌ಗಳಲ್ಲಿ ಎನ್/ಎ ಮಾತ್ರ ಇರುತ್ತದೆ. ತಿಂಗಳಿಗೊಮ್ಮೆ ಬೆಲೆಯ ಟ್ಯಾಬ್ ಪೂರ್ತಿ ಆಯ್ದು, ಕಾಪಿ ಮಾಡಿ, ಬೇರೆ ಟ್ಯಾಬ್‌ನಲ್ಲಿ ವ್ಯಾಲ್ಯೂ ಮಾತ್ರ ಪೇಸ್ಟ್ ಮಾಡಿಡಿ; ಲೆಕ್ಕದ ಫಾರ್ಮುಲಾಗಳೆಲ್ಲ ಆ ಎರಡನೇ ಟ್ಯಾಬ್ ನೋಡುವಂತಿರಲಿ.