ಓಟ್ಟುಕಂಪನಿಯಲ್ಲಿ 140 ಹಂಚು

ಮೇ ತಿಂಗಳಲ್ಲಿ ನಮ್ಮ ದನದ ಹಟ್ಟಿಯ ಹಂಚಿನ ಮಾಡಿನ ಮೇಲೆ ತೆಂಗಿನ ಒಣ ಮಡಲೊಂದು ಬಿತ್ತು, ಅದರ ಹಿಂದೆಯೇ ಎರಡು ಕಾಯಿ. ಎರಡು ದಿನ ಕಳೆದು ಮಂಗಗಳ ಹಿಂಡು ಬಂದು ಉಳಿದ ಲೆಕ್ಕ ಚುಕ್ತಾ ಮಾಡಿತು. ಆಚಾರಿ ಏಣಿ ಹತ್ತಿ ಎಣಿಸಿ, "ನೂರ ಇಪ್ಪತ್ತು ಬೇಕು ಟೀಚರೇ. ಒಡೆಯುವ ಲೆಕ್ಕಕ್ಕೆ ಇಪ್ಪತ್ತು ಹೆಚ್ಚು ತರುವ" ಎಂದರು. ಶೀಟು ಹಾಕಿಸಿಬಿಡು ಎಂದು ಬೆಂಗಳೂರಿನಿಂದ ಮಗ ಫೋನಿನಲ್ಲಿ ಸಲಹೆ ಕೊಟ್ಟ. ಏಪ್ರಿಲ್ ಮಧ್ಯಾಹ್ನ ಶೀಟಿನ ಕೆಳಗೆ ಅವನೇ ಒಂದು ಗಂಟೆ ನಿಂತು ತೋರಿಸಲಿ, ಆಮೇಲೆ ದನಗಳನ್ನು ಕಟ್ಟುತ್ತೇನೆ ಎಂದೆ.

ಹೊಸ ಹಂಚು ತಂದು ಹಳೆಯದರ ನಡುವೆ ಸೇರಿಸುವುದು ಹೊರಗಿನವರು ಅಂದುಕೊಂಡಷ್ಟು ಸುಲಭವಲ್ಲ. ಎಲ್ಲವೂ ಮಂಗಳೂರು ಹಂಚೇ ಆದರೂ ಒಂದೊಂದು ಕಂಪನಿಯ ಅಚ್ಚು ಒಂದೊಂದು. ಉದ್ದ 410 ಮಿಲಿಮೀಟರಿನಿಂದ 425ರ ವರೆಗೆ, ಅಗಲ 235ರಿಂದ 260ರ ವರೆಗೆ ಹೆಚ್ಚುಕಡಿಮೆ ಇರುತ್ತದೆ. ಬೆರಳಿನಷ್ಟು ವ್ಯತ್ಯಾಸ ಬಂದರೂ ಪಕ್ಕದ ಹಂಚಿನ ಚಡಿಯಲ್ಲಿ ಕೂರುವುದಿಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಆ ಸಂದಿಯೊಂದೇ ಸಾಕು. ನಮ್ಮ ಹಂಚು ಮಾಡಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತು. ಹಾಗಾಗಿ ಒಡೆದ ಹಂಚೊಂದನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು, ಆಚಾರಿಯನ್ನೂ ಹೊರಡಿಸಿಕೊಂಡು, ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಒಂದು ಹಳೆಯ ಸಾಮಾನಿನ ಅಂಗಡಿಗೆ ಹೋದೆ.

ಅಂಗಡಿ ಇರುವುದು ಹೊಳೆಬದಿಯ ಹಳೆಯ ಹಂಚಿನ ಕಾರ್ಖಾನೆಯ ಒಳಗೆ. ನಾವು ಮನೆಯಲ್ಲಿ ಹಂಚು ಎನ್ನುತ್ತೇವೆ, ಆಚಾರಿ ತುಳುವಿನಲ್ಲಿ ಓಡು ಎನ್ನುತ್ತಾರೆ. ಆದರೆ ಬಸ್ಸಿನಲ್ಲಿ ಟಿಕೆಟ್ ಕೇಳುವಾಗ ನಮ್ಮಿಬ್ಬರಿಗೂ ಅದು ಮಲಯಾಳದ 'ಓಟ್ಟುಕಂಪನಿ'ಯೇ, ಎಂದರೆ ಹಂಚಿನ ಕಾರ್ಖಾನೆ. ಭಟ್ಟಿ ಆರಿದರೂ ಸ್ಟಾಪಿನ ಹೆಸರು ಆರಿಲ್ಲ.

ಆರನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ನಮ್ಮನ್ನು ಇಲ್ಲಿಗೆ ಕರೆತಂದಿದ್ದರು. ಗದ್ದೆಯ ಆವೆಮಣ್ಣನ್ನು ಯಂತ್ರ ಅರೆದು ದಪ್ಪ ರೊಟ್ಟಿಯ ಹಾಗೆ ಹೊರಗೆ ತಳ್ಳುತ್ತಿತ್ತು. ಒಬ್ಬರು ಅದಕ್ಕೆ ಎಣ್ಣೆ ಸವರಿ ಅಚ್ಚಿನ ಮೇಲಿಡುವುದು, ಇನ್ನೊಬ್ಬರು ಮೇಲಿನ ಚಕ್ರ ತಿರುಗಿಸಿ ಒತ್ತುವುದು, ಬದಿಯಲ್ಲಿ ನಿಂತ ಹೆಂಗಸು ತಂತಿಯಿಂದ ಅಂಚು ಸವರಿ ಹಲಗೆಗೆ ಜಾರಿಸುವುದು. ಮೂವರೂ ಒಂದೇ ಒಂದು ಮಾತಾಡುತ್ತಿರಲಿಲ್ಲ. ಹಸಿ ಹಂಚು ಹೊತ್ತು ಅಟ್ಟಕ್ಕೆ ಏರುತ್ತಿದ್ದವರೆಲ್ಲ ಹೆಂಗಸರೇ. ಭಟ್ಟಿಯ ನೇರ ಮೇಲೆ ಆ ಅಟ್ಟ. ಕೆಳಗಿನ ಬೆಂಕಿಯ ಬಿಸಿ ವ್ಯರ್ಥವಾಗದೆ ಮೇಲಿನ ಹಂಚು ಒಣಗಿಸುವ ಉಪಾಯ. ಮಳೆಗಾಲದಲ್ಲೂ ಕೆಲಸ ನಿಲ್ಲಬಾರದಲ್ಲ. ನಮಗೆಲ್ಲ ಅಲ್ಲಿ ಐದು ನಿಮಿಷ ನಿಲ್ಲಲಾಗಲಿಲ್ಲ. ಆ ಹೆಂಗಸರು ದಿನವಿಡೀ ಹತ್ತಿಳಿಯುತ್ತಿದ್ದರು.

ಈಗ ಭಟ್ಟಿಯ ಕಮಾನುಗಳ ಒಳಗೆ ಹಲಸು, ಬೀಟೆ ಮರದ ಬಾಗಿಲುಗಳನ್ನು ಒರಗಿಸಿಟ್ಟಿದ್ದಾರೆ. ಒಳಗೋಡೆಯ ಇಟ್ಟಿಗೆಗಳು ಎಷ್ಟೋ ವರ್ಷದ ಬೆಂಕಿ ತಿಂದು ಗಾಜಿನ ಹಾಗೆ ಹೊಳೆಯುತ್ತವೆ, ಕೈಯಿಟ್ಟರೆ ನುಣುಪು. ಹೊರಗೆ ಬೆವರು ಸುರಿಯುತ್ತಿದ್ದರೂ ಒಳಗೆ ತಣ್ಣಗೆ. ಅಟ್ಟದ ಅಡಕೆಮರದ ಸಲಾಕೆಗಳ ಮೇಲೆ ಹಸಿ ಹಂಚಿನ ಬದಲು ಕಿಟಕಿ, ತೊಟ್ಟಿಲು, ಮರದ ಮರಿಗೆ, ಉರುಳಿಗಳು. ಒರಳುಕಲ್ಲುಗಳನ್ನು ಅಂಗಳದಲ್ಲಿ ಸಾಲಾಗಿ ಕೂರಿಸಿದ್ದಾರೆ. ಮದುವೆ ಊಟಕ್ಕೆ ಪಂಕ್ತಿ ಕೂತ ಹಾಗೆ. ಮಾಡಿನ ಪಕ್ಕಾಸಿನ ಮರ, ಹಂಚು ಕೂರುವ ರೀಪಿನ ಪಟ್ಟಿ ಯಾವುದನ್ನೂ ಮುಟ್ಟಿಲ್ಲ. ಕಟ್ಟಡವನ್ನು ಕೆಡವಿ ಮದುವೆ ಹಾಲ್ ಮಾಡದೆ ಇದ್ದಂತೆಯೇ ಉಳಿಸಿಕೊಂಡಿದ್ದಕ್ಕೆ ಮಾಲೀಕರಿಗೆ ಮೊದಲ ಅಂಕ ನನ್ನದು. ಹಂಚು ಸುಟ್ಟ ಜಾಗದಲ್ಲೇ ಹಂಚು ಮಾರುತ್ತಿದ್ದಾರೆ. ಅಂದು ಇಲ್ಲಿಂದ ಮಂಜಿ ದೋಣಿಯಲ್ಲಿ ಹೋದದ್ದು ಇಂದು ಟೆಂಪೋದಲ್ಲಿ ಹಿಂದೆ ಬರುತ್ತಿದೆ.

ಹಂಚಿನ ರಾಶಿಗಳು ಹಿಂದಿನ ಅಂಗಳದಲ್ಲಿ, ಕಂಪನಿವಾರು. ಈ ಒಂದು ವಿಷಯದಲ್ಲಿ ಅಂಗಡಿಯ ಹುಡುಗನನ್ನು ಮೆಚ್ಚಲೇಬೇಕು. ನನ್ನ ಚೀಲದ ಚೂರನ್ನು ಬೋರಲು ಹಾಕಿ, ಬೆನ್ನಿನ ಮುದ್ರೆಯನ್ನು ಹೆಬ್ಬೆರಳಿನಿಂದ ತಡವಿ, "ನಾಲ್ಕನೇ ರಾಶಿ" ಎಂದ. ಸರಿಯಾಗಿತ್ತು! ಆದರೆ ಆಚಾರಿ ಯಾರ ಮಾತನ್ನೂ ನಂಬುವವರಲ್ಲ. ಒಂದೊಂದೇ ಹಂಚನ್ನು ಎಡಗೈಯಲ್ಲಿ ತೂಗುಬಿಟ್ಟು ಗೆಣ್ಣಿನಿಂದ ಬಡಿದರು. ಠಣ್ ಎಂದರೆ ಈ ಕಡೆ, ಡಬ್ ಎಂದರೆ ಆ ಕಡೆ. ಡಬ್ ಎನ್ನುವ ಹಂಚಿನೊಳಗೆ ಕಣ್ಣಿಗೆ ಕಾಣದ ಬಿರುಕು ಇರುತ್ತದೆ, ಇಲ್ಲವೇ ಅದು ಸರಿಯಾಗಿ ಬೆಂದಿರುವುದಿಲ್ಲ. ಆಮೇಲೆ ಹಿಂಬದಿಯಲ್ಲಿ ರೀಪನ್ನು ಹಿಡಿದುಕೊಳ್ಳುವ ಕೊಕ್ಕೆ ನೋಡಬೇಕು. ಅದು ಮುರಿದಿದ್ದರೆ ಮುಖ ಎಷ್ಟು ಕೆಂಪಗಿದ್ದರೂ ಪ್ರಯೋಜನವಿಲ್ಲ. ಪಾಚಿಗೆ ಹೆದರಬೇಕಾಗಿಲ್ಲ, ತೆಂಗಿನ ನಾರಿನಲ್ಲಿ ಉಜ್ಜಿದರೆ ಹೋಗುತ್ತದೆ. ಹೀಗೆ ಬಡಿದು ಬಡಿದು 140 ಆರಿಸುವಾಗ ಎರಡು ಗಂಟೆ ಕಳೆಯಿತು. ಹುಡುಗ ಒಮ್ಮೆಯೂ ಮುಖ ಸಿಂಡರಿಸಲಿಲ್ಲ. ಒಂದಕ್ಕೆ 22 ರೂಪಾಯಿ. ಚೌಕಾಶಿಗೆ ಜಗ್ಗಲೂ ಇಲ್ಲ.

ನಾನು ಜಗಳ ತೆಗೆದದ್ದು ಮುಂಭಾಗದ ಗಾಜಿನ ಕಪಾಟಿನ ಹತ್ತಿರ. ಅಲ್ಲೊಂದು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹಂಚಿಗೆ ದೀಪ ಹಾಕಿ, '1865ರ ಹಂಚು, 1,500 ರೂಪಾಯಿ' ಎಂದು ಚೀಟಿ ಅಂಟಿಸಿದ್ದರು. ಹಂಚಿನ ಮೇಲೆ 1865 ಎಂದು ಒತ್ತಿರುವುದು ನಿಜ. ಆದರೆ ಅದು ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಮಿಷನ್ನಿನವರು ಕಾರ್ಖಾನೆ ಶುರುಮಾಡಿದ ವರ್ಷ. ಆ ಹಂಚು ಸುಟ್ಟ ವರ್ಷವಲ್ಲ. ಉಪ್ಪಿನಕಾಯಿ ಭರಣಿಯ ಮೇಲೆ ಕಂಪನಿ ಹುಟ್ಟಿದ ವರ್ಷ ಬರೆದಿದ್ದರೆ ಉಪ್ಪಿನಕಾಯಿಯೂ ಅಷ್ಟು ಹಳೆಯದೇ?

ಇಷ್ಟು ಹೇಳಿದ ಮೇಲೆ ಟೀಚರ್ ಬಾಯಿ ಸುಮ್ಮನಿರುತ್ತದೆಯೇ? ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಇಲ್ಲಿಗೆ ಬಂದದ್ದು ಅಚ್ಚುಕೂಟದ ಕೆಲಸಕ್ಕೆ. ಯುರೋಪಿನಲ್ಲಿ ಆಗಲೇ ಬಳಕೆಯಲ್ಲಿದ್ದ, ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚನ್ನು ಇಲ್ಲಿಯ ಹೊಳೆಮಣ್ಣಿನಲ್ಲಿ ಮಾಡಿಸಿದವರು ಅವರು. ಅದರ ಹಿಂದೆಯೇ 1868ರಲ್ಲಿ ಅಲ್ಬುಕರ್ಕ್ ಕುಟುಂಬದ ಕಾರ್ಖಾನೆ ಬಂತು, ಆಮೇಲೆ ಹೊಳೆಬದಿಗಳಲ್ಲಿ ಹೊಗೆಕೊಳವೆಗಳು ಒಂದರ ಹಿಂದೆ ಒಂದು ಎದ್ದವು. ಅದಕ್ಕೆ ಮೊದಲು ನಮ್ಮ ಕಡೆ ಮುಳಿಹುಲ್ಲು, ಇಲ್ಲವೇ ಹೆಣೆದ ಮಡಲು. ವರ್ಷ ವರ್ಷ ಹೊದೆಸುವ ಕೆಲಸ, ಕಿಡಿ ಬಿದ್ದರೆ ಮನೆಯೇ ಇಲ್ಲ. ಮೊದಲನೆಯ ಮಹಾಯುದ್ಧ ಬಂದಾಗ ಜರ್ಮನರ ಸ್ವತ್ತು ಎಂದು ಸರಕಾರ ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಿತು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಹಾಗಾಗಿ ಮಿಷನ್ ಹೆಸರಿನ ಹಂಚಿಗೆ ಹೆಚ್ಚುಕಡಿಮೆ ನೂರು ವರ್ಷ ಎಂದು ಬರೆಯಿರಿ, ಅದೇನು ಕಡಿಮೆಯೇ ಎಂದು ಕೇಳಿದೆ. ಕೌಂಟರಿನಲ್ಲಿದ್ದವರು ನಕ್ಕು, "ಬೆಂಗಳೂರಿನವರು 1865 ನೋಡಿಯೇ ಕೊಳ್ಳುವುದು ಟೀಚರೇ" ಎಂದರು. ಚೀಟಿ ಹಾಗೆಯೇ ಇದೆ. ಹೋಗುವವರು ನೋಡಿಕೊಳ್ಳಿ.

ಪಕ್ಕದ ಭಟ್ಟಿಯಲ್ಲಿ ಚಹಾದಂಗಡಿಯೂ ಇದೆ. ಚಹಾಕ್ಕೆ 60 ರೂಪಾಯಿ, ಅದೂ ಹಂಚಿನ ಚೂರಿನ ಮೇಲಿಟ್ಟು ತರುತ್ತಾರೆ. ಆಚಾರಿ ಲೋಟ ಎತ್ತಿಕೊಂಡು ಆ ಚೂರನ್ನೂ ಒಮ್ಮೆ ಬಡಿದು ನೋಡಿದರು. ಗೋಳಿಬಜೆ ಮಾತ್ರ ಚೆನ್ನಾಗಿತ್ತು, ಬಿಸಿಯಿತ್ತು.

ಇನ್ನು ಕಟ್ಟಡದ ಚರಿತ್ರೆಯ ಬಗ್ಗೆ ಒಂದು ಬೋರ್ಡು ಹಾಕಿದ್ದಾರೆ. ಮಾಲೀಕರು, ಯಂತ್ರ, ಹೊಗೆಕೊಳವೆ ಎಲ್ಲ ಇದೆ. ಯಾಕೆ ಮುಚ್ಚಿತು ಎಂಬುದಕ್ಕೆ 'ಕಾಲದ ಬದಲಾವಣೆ' ಎಂದಷ್ಟೇ. ಜನ ತಾರಸಿ ಮನೆ ಕಟ್ಟಿದರು, ಸೌದೆಯ ಬೆಲೆ ಏರಿತು, ಗದ್ದೆಯ ಮಣ್ಣು ತೆಗೆಯುವುದಕ್ಕೆ ಕಡಿವಾಣ ಬಿತ್ತು, ಕೇರಳದಲ್ಲಿ 2008ರಲ್ಲಿ ಗದ್ದೆ ಉಳಿಸುವ ಕಾನೂನೇ ಬಂತು. ಇಷ್ಟು ಬರೆಯಲು ಎರಡು ಸಾಲು ಸಾಕಿತ್ತು. ಅಟ್ಟ ಹತ್ತಿಳಿದ ಹೆಂಗಸರ ವಿಷಯ ಒಂದು ಸಾಲೂ ಇಲ್ಲ. ಬೋರ್ಡು ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದೆ. ಕನ್ನಡದಲ್ಲಿ ಬರೆದುಕೊಡುತ್ತೇನೆ, ದುಡ್ಡು ಬೇಡ ಎಂದು ಹೇಳಿ ಬಂದಿದ್ದೇನೆ. ಇನ್ನೂ ಫೋನು ಬಂದಿಲ್ಲ.

ಸಾಗಾಟದ ವಿಷಯದಲ್ಲಿ ಜಾಗ್ರತೆ. ಟೆಂಪೋಗೆ 800 ಎಂದು ಬಾಯಲ್ಲಿ ಹೇಳಿ, ಮನೆಯಂಗಳಕ್ಕೆ ಬಂದ ಮೇಲೆ ಏರು ದಾರಿ ಎಂದು 1,100 ತೆಗೆದುಕೊಂಡರು. ಹಂಚನ್ನು ನಿಲ್ಲಿಸಿ, ನಡುವೆ ಬೈಹುಲ್ಲು ತುರುಕಿ ತರಬೇಕು ಎಂಬುದು ಮಕ್ಕಳಿಗೂ ಗೊತ್ತು. ಇವರು ಮಲಗಿಸಿ ತಂದರು. ಒಂಬತ್ತು ಒಡೆದಿತ್ತು. ಅಂಗಡಿಗೆ ಫೋನು ಮಾಡಿದರೆ, "ಬಂದು ಒಂಬತ್ತು ತೆಗೆದುಕೊಂಡು ಹೋಗಿ, ದುಡ್ಡು ಬೇಡ" ಎಂದು ಧಾರಾಳವಾಗಿ ಹೇಳಿದರು. ಒಂಬತ್ತು ಹಂಚೆಂದರೆ ಇಪ್ಪತ್ತು ಕಿಲೋಗೂ ಮೇಲೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ಬರಲೇ? ಹಣ ಕೊಡುವ ಮೊದಲೇ ಬಾಡಿಗೆಯನ್ನು ರಶೀದಿಯಲ್ಲಿ ಬರೆಸಿಕೊಳ್ಳಿ, ಹಂಚು ಹೇರುವಾಗ ಹತ್ತಿರ ನಿಲ್ಲಿ.

ಹಂಚು ಮಾತ್ರ ಹೇಳಿ ಮಾಡಿಸಿದ ಹಾಗೆ ಕೂತಿತು. ಜೂನ್ ಮೊದಲ ವಾರದ ಮಳೆಗೆ ಹಟ್ಟಿಯಲ್ಲಿ ಒಂದು ಹನಿ ಬೀಳಲಿಲ್ಲ. ಉಳಿದ ಹನ್ನೊಂದು ಹಂಚನ್ನು ಮುಂದಿನ ಮಂಗಗಳಿಗೆಂದು ಗೋಡೆಗೆ ಒರಗಿಸಿಟ್ಟಿದ್ದೇನೆ. ಬೆಳಕಿಗೆ ಬೇಕಾದ ಗಾಜಿನ ಹಂಚು ನಮ್ಮ ಅಳತೆಯದು ಅಲ್ಲಿ ಇರಲಿಲ್ಲ. ಬಂದರೆ ನಾಲ್ಕು ಎತ್ತಿಡಿ ಎಂದು ಅವರ ಉದ್ದ ಪುಸ್ತಕದಲ್ಲಿ ಹೆಸರು ಬರೆಸಿದ್ದೇನೆ. ನನಗಿಂತ ಮುಂದೆ ಹದಿನೇಳು ಹೆಸರಿತ್ತು.