ಏಬಲ್ಟನ್ ಲೈವ್ 12 ಹಾಕಿಕೊಂಡೆ, 9 ಮತ್ತು 11 ತೆಗೆಯಲಿಲ್ಲ

ಹಾಡು ಕಟ್ಟಿ ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ಏಬಲ್ಟನ್ ಲೈವ್ ಜೊತೆ ನನ್ನ ಒಡನಾಟ 2014ರಿಂದ, ಆಗ 9ನೇ ವರ್ಷನ್ ಇತ್ತು. 2018ರಲ್ಲಿ ಬಂದ 10 ನನಗೆ ಬೇಡ ಅನ್ನಿಸಿತು. 2021ರ 11, 2024ರ 12 ಎರಡನ್ನೂ ಕೊಂಡೆ. ಈಗ ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ 9, 11, 12 ಮೂರೂ ಇವೆ. ಒಂದರ ತಂಟೆಗೆ ಇನ್ನೊಂದು ಬರುವುದಿಲ್ಲ.

9 ಇನ್ನೂ ಯಾಕೆ ಅಂತೀರಾ? ನನ್ನ ಹಳೆಯ ಭಾವಗೀತೆಗಳಲ್ಲಿ ಒಂದು 32 ಬಿಟ್ ತಂಬೂರಿ ಪ್ಲಗಿನ್ (ಲೈವ್ ಒಳಗೆ ಸೇರಿಸಿಕೊಳ್ಳುವ ವಾದ್ಯದ ಸಾಫ್ಟ್‌ವೇರ್) ಇದೆ. 10ರಿಂದ ಲೈವ್ ಬರೀ 64 ಬಿಟ್, ಅದರಲ್ಲಿ ಈ ಪ್ಲಗಿನ್ ನಡೆಯುವುದಿಲ್ಲ. ಆ ತಂಬೂರಿಯ ನಾದ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಹಾಗಾಗಿ 9ರಲ್ಲಿ ಹಾಡು ತೆರೆದು, ಶ್ರುತಿಯ ಟ್ರ್ಯಾಕನ್ನು ಆಡಿಯೋ ಮಾಡಿ 12ಕ್ಕೆ ತರುತ್ತೇನೆ.

11 ಕೊಟ್ಟ ದೊಡ್ಡ ಉಡುಗೊರೆ ಕಾಂಪಿಂಗ್. ಗಾಯಕಿ ಪಲ್ಲವಿಯನ್ನು ಐದಾರು ಸಲ ಹಾಡುತ್ತಾರೆ. ಒಂದರಲ್ಲಿ ಎತ್ತುಗಡೆ ಚೆನ್ನ, ಇನ್ನೊಂದರಲ್ಲಿ ಗಮಕ ಚೆನ್ನ. ಎಲ್ಲ ಟೇಕುಗಳೂ ಒಂದರ ಕೆಳಗೊಂದು ಕಾಣುತ್ತವೆ, ಬೇಕಾದ ತುಣುಕು ಆರಿಸಿ ಜೋಡಿಸಿದರೆ ಆಯಿತು. ಇದಕ್ಕೆ ಮುಂಚೆ ನಾನು ಕತ್ತರಿಸಿ ಅಂಟಿಸುತ್ತಾ ರಾತ್ರಿಗಳನ್ನೇ ಕಳೆದಿದ್ದೇನೆ.

12 ಹಾಕಿದ ವಾರವೇ ಒಂದು ತಪ್ಪು ಮಾಡಿದೆ. ಅರ್ಧ ಆಗಿದ್ದ ಹಾಡನ್ನು ಅದರಲ್ಲಿ ತೆರೆದು, ಅದೇ ಹೆಸರಲ್ಲಿ ಸೇವ್ ಮಾಡಿಬಿಟ್ಟೆ. ಕೀಬೋರ್ಡ್ ನುಡಿಸುವ ಗೆಳೆಯನ ಹತ್ತಿರ ಇರುವುದು 11. ಅವನಿಗೆ ಫೈಲ್ ತೆರೆಯಲೇ ಇಲ್ಲ. ಹಳೆಯದನ್ನು ಹೊಸ ವರ್ಷನ್ ತೆರೆಯುತ್ತದೆ, ಹೊಸದನ್ನು ಹಳೆಯದು ತೆರೆಯುವುದಿಲ್ಲ. ಪ್ರಾಜೆಕ್ಟ್ ಒಳಗಿನ ಬ್ಯಾಕಪ್ ಫೋಲ್ಡರಿನಲ್ಲಿ ಹಿಂದಿನ ಪ್ರತಿ ಉಳಿದಿತ್ತು. ಆಗ ಜೀವ ಬಂದಂತಾಯಿತು. ಈಗ 12ರಲ್ಲಿ ಹಳೆಯ ಹಾಡು ತೆರೆದ ತಕ್ಷಣ ಹೆಸರಿನ ಕೊನೆಗೆ 12 ಅಂತ ಸೇರಿಸಿ ಬೇರೆಯಾಗಿ ಸೇವ್ ಮಾಡುತ್ತೇನೆ.

ಯೂಸರ್ ಲೈಬ್ರರಿ, ಅಂದರೆ ನಾವು ಉಳಿಸಿಟ್ಟ ಪ್ರೀಸೆಟ್‌ಗಳು (ಧ್ವನಿಯ ಸೆಟ್ಟಿಂಗ್‌ಗಳು) ಇರುವ ಫೋಲ್ಡರ್ ಬಗ್ಗೆಯೂ ಹುಷಾರು. ಸುಮ್ನೆ ಬಿಟ್ಟರೆ ಎಲ್ಲ ವರ್ಷನ್‌ಗಳೂ ಒಂದೇ ಫೋಲ್ಡರ್ ಬಳಸುತ್ತವೆ. 12ರಲ್ಲಿ ತಿದ್ದಿ ಸೇವ್ ಮಾಡಿದ ಪ್ರೀಸೆಟ್ 11ಕ್ಕೆ ಸಿಗುವುದಿಲ್ಲ. ನಾನು 12ಕ್ಕೆ ಬೇರೆ ಫೋಲ್ಡರ್ ಕೊಟ್ಟೆ. ತಾನಾಗಿ ಅಪ್‌ಡೇಟ್ ಆಗುವುದನ್ನೂ ನಿಲ್ಲಿಸಿದ್ದೇನೆ, ಯಾಕೆಂದರೆ 12.1ರಂಥ ಅಪ್‌ಡೇಟ್ ಬೇರೆಯಾಗಿ ಇರದೆ 12.0ರ ಜಾಗದಲ್ಲೇ ಕೂರುತ್ತದೆ. ಹಾಡಿನ ನಡುವೆ ಅದು ಬೇಡ.

ಹೊಸ ಹಾಡುಗಳೆಲ್ಲ ಈಗ 12ರಲ್ಲೇ. 12.1ರ ಆಟೋ ಶಿಫ್ಟ್ ಅಪಶ್ರುತಿ ತಿದ್ದುತ್ತದೆ, ಆದರೆ ಜಾಸ್ತಿ ಹಾಕಿದರೆ ಗಮಕ ಚಪ್ಪಟೆಯಾಗುತ್ತದೆ. ನಾನು ಕೋರಸ್‌ಗೆ ಮಾತ್ರ ಬಳಸುತ್ತೇನೆ. 11ರಲ್ಲಿ ಶುರು ಮಾಡಿದ ಆರು ಹಾಡುಗಳು ಬಾಕಿ ಇವೆ, ಅವನ್ನು ಅಲ್ಲೇ ಮುಗಿಸುತ್ತೇನೆ.